ಪುಟ್ಟಿಗೆ ರೇಷ್ಮೆ ಸೀರೆ ಹಿಡಿಸಲಿಲ್ಲ

ಬೆಳಗ್ಗೆ ಎದ್ದು ಸಗಣಿ ಬಾಚಿದೆ, ಪುಟ್ಟಿಗೆ ಹುಲ್ಲು ಹಾಕಿ ಹಾಲು ಕರೆದೆ, ಕ್ಯಾನು ಹಿಡಿದು ಡೈರಿಗೆ ಹೋಗಿ ಬಂದೆ, ನೀರಿನ ಮೋಟಾರು ಹಾಕಿದೆ, ಆರಿಸಲು ಮರೆತು ಮೂರನೇ ಮಹಡಿಯವರಿಂದ ಹೇಳಿಸಿಕೊಂಡೆ, ಉಪ್ಪಿಟ್ಟು ಕೆದಕಿದೆ, ಆಮೇಲೆ ರೇಷ್ಮೆ ಸೀರೆ ಉಟ್ಟೆ. ಈ ಕೊನೆಯದೊಂದನ್ನು ಬಿಟ್ಟಿದ್ದರೆ ದಿನ ಸುಸೂತ್ರವಾಗಿ ಕಳೆಯುತ್ತಿತ್ತು.

ಬೊಮ್ಮಸಂದ್ರದ ಹತ್ತಿರ ನಮ್ಮದು ಮೂರು ಮಹಡಿಯ ಬಾಡಿಗೆ ಕಟ್ಟಡ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಾರ್ಖಾನೆ ಕೆಲಸದವರು ತುಂಬಿದ್ದಾರೆ. ಕೆಳಗಿನ ಪಾರ್ಕಿಂಗ್‌ನಲ್ಲಿ ಹನ್ನೊಂದು ಬೈಕು, ಒಂದು ಹಸು. ಎಲ್ಲರೂ ನನ್ನನ್ನು ಓನರ್ ಆಂಟಿ ಅನ್ನುತ್ತಾರೆ. ಅದರಲ್ಲೇನು ಹೆಚ್ಚುಗಾರಿಕೆ? ಕಟ್ಟಡ ಯಜಮಾನರ ಹೆಸರಿನಲ್ಲಿದೆ, ಅದಕ್ಕೆ ಬೂಸಾ ಕಲಸಿಡುವ ಕೆಲಸವೂ ಇಲ್ಲ. ನನ್ನ ಹೆಮ್ಮೆಯೆಲ್ಲ ಡೈರಿಗೆ ಹಾಲು ಹಾಕುವವರಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನದ ಮೇಲೆ. ಅದು ಬರುವುದು ನೇರ ನನ್ನ ಖಾತೆಗೆ, ನನ್ನ ಹೆಸರಿಗೆ. ಫೋನು ಟಿಣ್ ಎಂದರೆ ಆ ಮೆಸೇಜನ್ನು ಕನ್ನಡಕ ಹಾಕಿಕೊಂಡು ಒಂದು ಸಲ ಓದುತ್ತೇನೆ, ಯಜಮಾನರಿಗೆ ಕೇಳಿಸುವಂತೆ ಇನ್ನೊಂದು ಸಲ.

"ಆ ದುಡ್ಡಿಗೆ ಒಂದು ಮೂಟೆ ಬೂಸಾನೂ ಬರಲ್ಲ ಕಣೇ. ಹಾಲನ್ನ ಬಾಡಿಗೆಯೋರಿಗೇ ಮಾರಬಾರ್ದಾ?" ಎಂದು ಅವರ ರಾಗ.

"ಬಾಡಿಗೆಯೋರು ನನ್ನನ್ನ ಹಾಲು ಉತ್ಪಾದಕಿ ಅಂತ ಬರ್ಕೊಂತಾರಾ?" ಎಂದು ನನ್ನದು.

ಆ ಹೆಸರಿಗೇ ಈಗ ಕುತ್ತು ಬಂದಿತ್ತು. ಹಸುವಿಲ್ಲದವರೂ ಪಟ್ಟಿಯಲ್ಲಿದ್ದಾರೆಂದು ಯಾರೋ ದೂರು ಕೊಟ್ಟು, ಮನೆಮನೆಗೆ ಪರಿಶೀಲನೆ ಶುರುವಾಯಿತು. ಹಸುವಿನ ಕಿವಿಗೆ ಚುಚ್ಚಿರುವ ಬಿಲ್ಲೆಯ ನಂಬರು ಕಾಣುವಂತೆ ಕಿವಿ ಹಿಡಿದು ನಿಂತು ಫೋಟೋ ತೆಗೆಸಬೇಕು, ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಫೋಟೋ ಎಂದ ಮೇಲೆ ಸೀರೆ ಬೇಡವೇ?

ಬಂದ ಅಧಿಕಾರಿ ಕತ್ತೆತ್ತಿ ಕಟ್ಟಡ ನೋಡಿದರು. "ಮೇಡಂ, ಇದು ಬಿಲ್ಡಿಂಗು. ಹಸು ಎಲ್ಲಿ?"

"ಆ ಕೆಂಪು ಬೈಕ್ ಪಕ್ಕದಲ್ಲೈತೆ ನೋಡಿ ಸಾರ್."

ನಾನು ಗತ್ತಿನಿಂದ ಹೋಗಿ ಪುಟ್ಟಿಯ ಕಿವಿಗೆ ಕೈ ಹಾಕಿದೆ. ಅದು ಕಣ್ಣರಳಿಸಿ, ನುಸಿಗುಳಿಗೆಯ ವಾಸನೆ ಹೊಡೆಯುವ ಸೆರಗನ್ನು ಒಮ್ಮೆ ಮೂಸಿ, ಬುಸ್ ಎಂದು ಹಿಂದೆ ಹಾರಿತು. ಎರಡು ಬೈಕು ಬಿದ್ದವು. ಮತ್ತೆ ಹೋದೆ, ಕೊಂಬು ಬೀಸಿತು. ಎಂಟು ವರ್ಷ ಸಾಕಿದ ಹಸು!

"ಬೇಜಾರ್ ಮಾಡ್ಕೋಬೇಡಿ ಮೇಡಂ," ಅಧಿಕಾರಿ ಪೆನ್ನು ತೆಗೆದರು. "ಯಾರ ಮನೆಯಿಂದನಾದ್ರೂ ಇಸ್ಕೊಂಡು ಬಂದಿದ್ದೀರಾ?"

"ನಮ್ದೇ ಹಸು ಸಾರ್!" ಎಂದೆ. ಆಗ ಮೆಟ್ಟಿಲ ಮೇಲಿಂದ, ಔಷಧಿ ಕಾರ್ಖಾನೆಗೆ ಹೊರಟಿದ್ದ ಎರಡನೇ ಮಹಡಿಯ ಶ್ವೇತಾ ಕೂಗಿದಳು. "ಆಂಟಿ, ಸಕ್ಕತ್ತಾಗಿ ಕಾಣ್ತಿದ್ದೀರ! ನಂಗೇ ಗುರ್ತು ಸಿಗ್ಲಿಲ್ಲ, ಇನ್ನು ಪುಟ್ಟಿಗೆ ಎಲ್ಲಿ ಸಿಗುತ್ತೆ?"

ಒಳಗೆ ಓಡಿದೆ. ನೈಟಿ, ಅದರ ಮೇಲೆ ಜೇಬು ಹರಿದ ಯಜಮಾನರ ಹಳೇ ಅಂಗಿ, ತಲೆಗೆ ಟವೆಲು. ದಿನಾ ಹಾಲು ಕರೆಯುವ ಆ ವೇಷದಲ್ಲಿ ಹೊರಗೆ ಬಂದದ್ದೇ ತಡ, ಪುಟ್ಟಿ ನನ್ನ ಕಂಕುಳಿಗೆ ಮೂತಿ ತೂರಿಸಿ ತೋಳು ನೆಕ್ಕತೊಡಗಿತು. ಕಿವಿ ಹಿಡಿದೆ, ಕಮಕ್ ಕಿಮಕ್ ಅನ್ನಲಿಲ್ಲ. ಅಧಿಕಾರಿ ಪೆನ್ನು ಜೇಬಿಗಿಟ್ಟು ಫೋಟೋ ಹೊಡೆದುಕೊಂಡರು. "ಸಾಕು ಮೇಡಂ, ಇದಕ್ಕಿಂತ ಬೇರೆ ದಾಖಲೆ ಬೇಡ."

ಮದುವೆ ಫೋಟೋದಲ್ಲಿ ನನ್ನ ಅರ್ಧ ಮುಖ ಬಾಸಿಂಗದ ಹಿಂದಿದೆ. ಆಧಾರ್ ಕಾರ್ಡಿನಲ್ಲಿರುವುದು ನಾನೋ ನಮ್ಮತ್ತೆಯೋ ಹೇಳುವುದು ಕಷ್ಟ. ನಾನು ನಾನಾಗಿ ಬಂದಿರುವ ಒಂದೇ ಚಿತ್ರ ಈಗ ಸರ್ಕಾರದ ಕಂಪ್ಯೂಟರಿನಲ್ಲಿದೆ, ನೈಟಿಯಲ್ಲಿ. ಅದನ್ನು ನೆನೆದು ನಾಚಿಕೆಯಾಗಬೇಕಿತ್ತು, ಯಾಕೋ ಆಗಲಿಲ್ಲ.

ರಾತ್ರಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು. "ಅಂಗಿ ನಂದು, ಪ್ರೋತ್ಸಾಹಧನದಲ್ಲಿ ನಂಗೂ ಪಾಲು ಬರ್ಬೇಕು," ಎಂದು ಯಜಮಾನರು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮೊದಲು ಮಲಗಿದ್ದು ಪುಟ್ಟಿ, ಆಮೇಲೆ ಅವರು. ನಾನು ದೀಪ ಆರಿಸಿ ಮಲಗುವಾಗಲೂ ಆ ಅಂಗಿ ಮೈಮೇಲೇ ಇತ್ತು. ಬೆಳಗ್ಗೆ ಮತ್ತೆ ಪುಟ್ಟಿಗೆ ಗುರುತು ತಪ್ಪಿದರೆ ಏನು ಗತಿ?