ಹೂಂ ಅನ್ನದೆ ಮುಚ್ಚದ ಕಿಟಕಿ

ನಮ್ಮ ಮಾಮಾ ಎಂಥವನೆಂದರೆ, ಯಮ ಬಂದು ನಿಂತರೂ ಮೊದಲು ಅವನಿಂದ ಕಂಪ್ಯೂಟರಿನ ಗುಂಡಿ ಒತ್ತಿಸಿ, ಆಮೇಲೆ ಮುಂದಿನ ಮಾತು ಆಡುತ್ತಾನೆ! ಅಥಣಿಯಲ್ಲಿ ಅವನದು ಗೊಬ್ಬರ, ಔಷಧದ ಅಂಗಡಿ. ಐವತ್ತು ದಾಟಿದ ಮೇಲೆ ನನ್ನಿಂದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಿಲ್ಲಿನ ಪ್ರೋಗ್ರಾಂ ತಾನೇ ಬರೆದ. ಕಲಿಸಿದ ಪಾಪ ನನ್ನದು.

ಅದರಲ್ಲಿ ಅವನಿಗೆ ಹಿಡಿಸಿದ್ದು ಒಂದೇ, ಮೋಡಲ್ ಡೈಲಾಗ್. ಪರದೆಯ ನಡುವೆ ಪುಟ್ಟ ಕಿಟಕಿಯೊಂದು ಬಂದು ಕೂಡುತ್ತದೆ. ಅದಕ್ಕೆ ಉತ್ತರ ಕೊಡುವ ತನಕ ಹಿಂದಿನ ಯಾವ ಗುಂಡಿಯೂ ಕೆಲಸ ಮಾಡದು. ದ್ರಾಕ್ಷಿಗೆ ಹೊಡೆಯುವ ಔಷಧದ ಬಿಲ್ಲು ಮಾಡಹೋದರೆ ಸಾಕು, 'ಕಣ್ಣಿಗೆ ಚಷ್ಮಾ, ಮಾರಿಗೆ ಅರಿವಿ ಕಟ್ಟಗೋತೀರಿ?' ಎಂದು ಕೇಳುತ್ತದೆ. ಇರುವ ಉತ್ತರ 'ಹೂಂ' ಒಂದೇ. ಮೂಲೆಯಲ್ಲಿರುವ ಮುಚ್ಚುವ ಗುರುತನ್ನೂ ಮಾಮಾ ಕೆಲಸ ಮಾಡದಂತೆ ಮಾಡಿದ್ದಾನೆ! ಸಾಲದ್ದಕ್ಕೆ ಪ್ರಶ್ನೆಯನ್ನು ದೊಡ್ಡ ದನಿಯಲ್ಲಿ ಓದಿ, ರೈತನ ಬೆರಳಿನಿಂದಲೇ ಗುಂಡಿ ಒತ್ತಿಸುತ್ತಾನೆ.

ಶಿರಗುಪ್ಪಿ ಊರಿನ ರೈತರೊಬ್ಬರು ಒಮ್ಮೆ ಚಡಪಡಿಸಿದರು: "ಸಾವ್ಕಾರ್ರ, ಬಸ್ ಹೊಂಟೈತ್ರೀ!"

"ಹೋಗ್ಲಿ ಬಿಡ್ರಿ. ಮತ್ತೊಂದ ಬಸ್ ಬರ್ತೈತಿ. ಮತ್ತ ಕಣ್ಣ ಬರ್ತಾವೇನ್ರಿ?"

ಹೀಗಾದರೆ ಯಾರು ಬಂದಾರು? ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಅಂಗಡಿಗೆ ಹೊರಳಿದರು. ಅತ್ತೆ ನನ್ನನ್ನು ಕರೆಸಿದಳು. "ಕಲಿಸಿದಾಂವ ನೀನಽ, ಆ ಹಾಳ ಕಿಡಕಿ ತಗಿಯಾಂವನೂ ನೀನಽ. ಇಲ್ಲಾಂದ್ರ ಅಂಗಡೀನ ಮುಚ್ಚತೈತಿ ನೋಡಪಾ."

ಪ್ರೋಗ್ರಾಂನಲ್ಲಿ ಅಳಿಸಬೇಕಾದದ್ದು ಎರಡೇ ಸಾಲು. ಅಳಿಸಿದರೆ ಕಿಟಕಿ ಬರುತ್ತಿತ್ತು, ಆದರೆ ಯಾರನ್ನೂ ತಡೆಯುತ್ತಿರಲಿಲ್ಲ. ನಾನು ಕೀಲಿಮಣೆಗೆ ಕೈಯಿಟ್ಟೆ. ಮಾಮಾ ಬೇಡವೆನ್ನಲಿಲ್ಲ. ಬಾಗಿಲ ಬಳಿಯ ಬೆಂಚಿನ ಕಡೆ ನೋಡಿದ. ಅಲ್ಲಿ ಕಪ್ಪು ಚಷ್ಮಾ ಹಾಕಿಕೊಂಡು, ದಿನದಂತೆ, ನಮ್ಮಪ್ಪ ಕೂತಿದ್ದ.

"ಅವತ್ತ ನಿಮ್ಮಪ್ಪಗ ಔಷಧದ ಡಬ್ಬಿ ಕೊಟ್ಟಾಂವ ನಾನಽ," ಎಂದ ಮಾಮಾ ಮೆಲ್ಲಗೆ. "ಗಾಳಿ ಜೋರ ಇತ್ತು. ಕಣ್ಣಿಗೆ ಏನರೆ ಹಾಕ್ಕೋತೀರಿ ಅಂತ ಒಂದ ಮಾತ ಕೇಳಲಿಲ್ಲ. ಗಿರಾಕಿ ಭಾಳ ಇದ್ರು."

ದ್ರಾಕ್ಷಿ ತೋಟದಲ್ಲಿ ಔಷಧ ಸಿಡಿದು ಅಪ್ಪನ ಕಣ್ಣು ಹೋದದ್ದು ನಮಗೆಲ್ಲ ಗೊತ್ತಿತ್ತು. ಮನೆಯಲ್ಲಿ ಯಾರೂ ಮಾಮಾನನ್ನು ದೂರಿದವರಲ್ಲ. ಇಷ್ಟು ವರ್ಷ ಅವನೇ ತನ್ನನ್ನು ದೂರಿಕೊಳ್ಳುತ್ತಿದ್ದದ್ದು ಮಾತ್ರ ನನಗೆ ಗೊತ್ತಿರಲಿಲ್ಲ. ಒಂದಕ್ಷರವನ್ನೂ ಅಳಿಸದೆ ಎದ್ದೆ.

ಅಷ್ಟರಲ್ಲಿ ರೈತನೊಬ್ಬ ಬಂದ. ಕಿಟಕಿ ತೆರೆಯಿತು, ಮಾಮಾ ಗಟ್ಟಿಯಾಗಿ ಓದಿದ. ಆತ ಬೇಸರದಿಂದ ಎದುರಿನ ಅಂಗಡಿಯ ಕಡೆ ಹೊರಳಿ ನೋಡಿದ.

ಬೆಂಚಿನಿಂದ ಅಪ್ಪನ ದನಿ ಬಂತು: "ಹೂಂ ಅನ್ನಪಾ, ತಮ್ಮಾ. ಅವಂಗ ಸಮಾಧಾನ ಆಗ್ಲಿ."