ಸುಮ್ಮನೆ ಕೂರುವ ಕೆಲಸ

"ನಾಲ್ಕು ವಾರ ಯಾಕೆ? ಒಂದೇ ವಾರ ಸಾಕು!" ಎಂದು ಸೋಮವಾರ ಬೆಳಗಿನ ತಿಂಡಿಗೆ ಕೂತ ಹೆನ್ನಿಂಗ್ ಘೋಷಿಸಿದ. ಬ್ರೇಮೆನ್ ನಗರದ ಯಾವ ಟ್ರಾಮು ಯಾವ ನಿಲ್ದಾಣಕ್ಕೆ ಯಾವಾಗ ಬರಬೇಕೆಂದು ನಿರ್ಧರಿಸುವ ಮಹಾಪುರುಷ ಅವನು. ಎರಡು ವರ್ಷದ ಮಗಳು ಯೆಟ್ಟೆ ಶಿಶುವಿಹಾರಕ್ಕೆ ಒಗ್ಗಿಕೊಳ್ಳಲು ಅಲ್ಲಿಯವರು ನಾಲ್ಕು ವಾರ ಕೇಳಿದ್ದರು; ಅವನ ಲೆಕ್ಕದಲ್ಲಿ ಅದು ಸಣ್ಣದೊಂದು ಮಾರ್ಗ ಬದಲಾವಣೆ.

"ಹಾಗಂತ ನಿನ್ನ ಬಾಸ್‌ಗೂ ಹೇಳಿಬಿಟ್ಟಿಲ್ಲ ತಾನೆ?" ಹೆಂಡತಿ ವೀಬ್ಕೆ ಕೇಳಿದಳು.

"ಹೇಳಿದೀನಿ. ಬರೋ ಸೋಮವಾರ ರಜೆ ಮುಗಿಸಿ ಬಂದೇ ಬರ್ತೀನಿ ಅಂತ."

"ಅಷ್ಟರಲ್ಲಿ ಇವಳು ಒಗ್ಗದೇ ಹೋದ್ರೆ?"

"ಆಫೀಸಿಗೇ ಎತ್ಕೊಂಡು ಹೋಗ್ತೀನಿ!"

ವೀಬ್ಕೆ ಬ್ರೆಡ್ಡಿನ ಮೇಲೆ ಚೀಸ್ ಇಟ್ಟು ನಿಧಾನವಾಗಿ ಅಗಿದಳು. ಹೋದ ವಾರವಷ್ಟೇ ಕೆಲಸಕ್ಕೆ ಮರಳಿದ್ದ ಅವಳು ಇನ್ನೊಂದು ರಜೆ ಕೇಳುವಂತಿರಲಿಲ್ಲ. "ಟ್ರಾಮು ಅಳಲ್ಲ ಹೆನ್ನಿಂಗ್" ಎಂದಳು, ಅಷ್ಟೇ.

ಆ ಶಿಶುವಿಹಾರವನ್ನು ತಾಯ್ತಂದೆಯರೂ ಶಿಕ್ಷಕಿಯರೂ ಸೇರಿ ಕಟ್ಟಿದ್ದರು. ಒಬ್ಬರು ಮಧ್ಯಾಹ್ನದ ಸೂಪು ಬೇಯಿಸಿದರೆ, ಇನ್ನೊಬ್ಬರು ಗೋಡೆಗೆ ಬಣ್ಣ ಬಳಿಯುವರು, ಮತ್ತೊಬ್ಬರು ಪರದೆ ಒಗೆಯುವರು. ಎಲ್ಲರಿಗೂ ಪಾಳಿಯುಂಟು. ಹೊಸ ಮಗುವಿನ ಅಪ್ಪನಿಗೆ ಮಾತ್ರ ಮೊದಮೊದಲು ಒಂದೇ ಕೆಲಸ. ಹಿರಿಯ ಶಿಕ್ಷಕಿ ಆಲ್ಮುಟ್ ಅದನ್ನು ವಿವರಿಸಿದರು.

"ಆ ಮೂಲೇಲಿ ಕುರ್ಚಿ ಇದೆ. ಕೂತ್ಕೊಳ್ಳಿ."

"ಕೂತ್ಕೊಂಡು?"

"ಕೂತೇ ಇರಿ. ಏನೂ ಮಾಡ್ಬೇಡಿ. ಅಪ್ಪ ಅಲ್ಲೇ ಇದ್ದಾನೆ ಅನ್ನೋ ಧೈರ್ಯದಲ್ಲಿ ಮಗು ಆಡ್ಕೊಳ್ಳತ್ತೆ. ಆಮೇಲೆ ಒಂದಿನ ನೀವು ಟಾಟಾ ಮಾಡಿ ಹೊರಗೆ ಹೋಗ್ತೀರಿ. ಅವಳು ಅಳ್ತಾಳೆ. ನಾನು ಎತ್ಕೋತೀನಿ. ನನ್ನ ಹತ್ರ ಸಮಾಧಾನ ಆದ್ಲು ಅಂದ್ರೆ ಒಗ್ಗಿದ ಹಾಗೆ. ಅಲ್ಲಿಗೆ ಮುಗೀತು."

ಕುರ್ಚಿ ಗೇಣುದ್ದದ್ದು. ಹೆನ್ನಿಂಗ್ ಕೂತ, ಮೊಣಕಾಲುಗಳು ಕಿವಿಯ ಕ್ಷೇಮ ವಿಚಾರಿಸಿದವು. ಯೆಟ್ಟೆ ಒಮ್ಮೆ ತಿರುಗಿ, ಅಪ್ಪ ಇದ್ದಾನೆಂದು ಖಾತ್ರಿ ಮಾಡಿಕೊಂಡು, ಮರದ ಇಟ್ಟಿಗೆಗಳತ್ತ ಹೋದಳು. ಎಲ್ಲವೂ ನಿಯಮದಂತೆಯೇ ನಡೆಯಿತು, ತೋಟಕ್ಕೆ ತೆರೆಯುವ ಬಾಗಿಲು ಕಿರ್ರೆನ್ನುವವರೆಗೆ.

ಟ್ರಾಮಿನ ಗಾಲಿ ಕಿರುಗುಟ್ಟಿದರೆ ನಿದ್ದೆಗೆಡುವ ಮನುಷ್ಯ! ಆ ಒಂದು ದಿನ ಹಲ್ಲು ಕಚ್ಚಿ ತಡೆದುಕೊಂಡ. ಮಂಗಳವಾರ ಜೇಬಿನಲ್ಲಿ ಎಣ್ಣೆ ಡಬ್ಬಿ ತಂದ. ಊಟಕ್ಕೆ ತಟ್ಟೆ ಜೋಡಿಸುವ ಗಲಾಟೆಯಲ್ಲಿ ಬಾಗಿಲ ಕೀಲುಗಳಿಗೆ ನಾಲ್ಕು ಹನಿ ಬಿಟ್ಟ. ಬಾಗಿಲು ಬೆಣ್ಣೆಯ ಹಾಗೆ ತಿರುಗಿತು. ಈ ಮಹಾಸಂಸ್ಥೆಗೆ ತನ್ನ ಮೊದಲ ಕಾಣಿಕೆ! ಇಲ್ಲದ ಮೀಸೆ ತಿರುವಿಕೊಂಡು ಮತ್ತೆ ಕುರ್ಚಿಯಲ್ಲಿ ಮಡಚಿಕೊಂಡು ಹೆಮ್ಮೆಯಿಂದ ಕಣ್ಣು ಮುಚ್ಚಿದ.

ಸೂಪಿನ ಪಾತ್ರೆ ಹಿಡಿದು ಬಂದ ಆಲ್ಮುಟ್ ನಿಂತುಬಿಟ್ಟರು. ಮೇಜಿನ ಸುತ್ತ ತಟ್ಟೆಗಳಿದ್ದವು. ಮಕ್ಕಳಿರಲಿಲ್ಲ.

"ಎಲ್ಲಿ ಇವರೆಲ್ಲ?"

"ನಾನು ಕುರ್ಚಿ ಬಿಟ್ಟು ಏಳ್ಲೇ ಇಲ್ಲ" ಎಂದ ಹೆನ್ನಿಂಗ್, ಎಣ್ಣೆಯ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ.

ಬೇಲಿಯೊಳಗಿನ ತೋಟದಲ್ಲಿ, ಬರೀ ಕಾಲುಚೀಲದಲ್ಲಿ, ಇಡೀ ಮಂದೆ ಕೆಸರಿಗಿಳಿದಿತ್ತು. ನಟ್ಟನಡುವೆ ಯೆಟ್ಟೆ, ಮೂಗಿನವರೆಗೂ ಮಣ್ಣು, ಪರಮಾನಂದ.

"ಆ ಬಾಗ್ಲಿಗೆ ಎಣ್ಣೆ ಹಾಕ್ಬಾರ್ದು ಅಂತ ನಾವು ಎರಡು ಸಭೆ ಕೂತು ತೀರ್ಮಾನ ಮಾಡಿದ್ವಿ" ಎಂದರು ಆಲ್ಮುಟ್. "ಅದು ನಮ್ಮ ಕಾವಲುಗಾರ. ಕಿರ್ ಅಂದ್ರೆ ಯಾರೋ ಹೊರಟ್ರು ಅಂತ ಗೊತ್ತಾಗ್ತಿತ್ತು. ನೀವು ಅವನ ಬಾಯಿ ಕಟ್ಟಿದ್ರಿ."

ಪ್ರಾಯಶ್ಚಿತ್ತವಾಗಿ ಹೆನ್ನಿಂಗ್ ಎಲ್ಲರ ಕಾಲುಚೀಲ ಒಗೆಯಲು ಬಗ್ಗಿದ. ಬಗ್ಗಿದ ಬೆನ್ನು ಕಂಡರೆ ಮಕ್ಕಳು ಬಿಡುತ್ತವೆಯೇ? ಫೆನ್ಯಾ ಎಂಬ ಮೂಗುಸುರುಕಿ ಹತ್ತಿ ಕೂತು "ಕುದುರೆ!" ಎಂದಳು. ಸುಮ್ಮನಿರಬೇಕೆಂಬ ನಿಯಮ ಅಪ್ಪಂದಿರಿಗೆ, ಕುದುರೆಗಳಿಗಲ್ಲ ಎಂದು ಹೆನ್ನಿಂಗ್ ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಬುಧವಾರದಿಂದ ಸವಾರಿಗೆ ಸಾಲು ನಿಂತಿತು. ಸಾಲಿನಲ್ಲಿ ಇಲ್ಲದವಳು ಯೆಟ್ಟೆ ಒಬ್ಬಳೇ. ಅವಳು ಆಲ್ಮುಟ್ ಮಡಿಲಲ್ಲಿ ಸೇಬು ತಿನ್ನುತ್ತಿದ್ದಳು.

ಶುಕ್ರವಾರ ಬಂತು, ಟಾಟಾ ಮಾಡುವ ದಿನ. ಇಂದು ಎಡವಿದರೆ ಸೋಮವಾರ ಬಾಸ್ ಮುಂದೆ ಮುಖ ತೋರಿಸುವಂತಿಲ್ಲ. ಹೆನ್ನಿಂಗ್ ಗಂಟಲು ಸರಿಮಾಡಿಕೊಂಡು, "ಅಪ್ಪ ಹೋಗ್ಬರ್ತೀನಿ ಪುಟ್ಟಿ" ಎಂದ.

ಯೆಟ್ಟೆ ತಲೆಯೆತ್ತಲಿಲ್ಲ. ಸೇಬು ಹಿಡಿದ ಕೈಯನ್ನೇ ಆಡಿಸಿ, "ಹೋಗು" ಎಂದಳು.

ಫೆನ್ಯಾ ಮಾತ್ರ ಮುಗಿಲು ಹರಿಯುವಂತೆ ಕಿರುಚಿದಳು. ಅವಳ ಹಿಂದೆ ಮಿಕ್ಕವರೆಲ್ಲ. ಒಬ್ಬೊಬ್ಬರೂ ಅವನ ಒಂದೊಂದು ಕಾಲು ಹಿಡಿದರು. ಕಾಲು ಸಿಗದವರು ನೆಲಕ್ಕೆ ಬಿದ್ದರು.

"ನಿಮ್ಮ ಮಗಳೊಬ್ಬಳನ್ನ ಬಿಟ್ಟು ಎಲ್ಲಾರೂ ಅಳ್ತಿದ್ದಾರೆ" ಎಂದು ಆಲ್ಮುಟ್ ಶಾಂತವಾಗಿ ಅವನ ಪ್ಯಾಂಟಿನಿಂದ ಮಕ್ಕಳನ್ನು ಬಿಡಿಸಿ ಬಾಗಿಲು ಮುಚ್ಚಿದರು.

ಹೆನ್ನಿಂಗ್ ಹೊರಗೆ ಬಂದು ಕಿಟಕಿಯಲ್ಲಿ ಇಣುಕಿದ. ಗೆದ್ದಿದ್ದ! ಜಂಬ ಕೊಚ್ಚಿಕೊಂಡದ್ದನ್ನು ಮಾಡಿಯೇ ತೋರಿಸಿದ್ದ. ಅಷ್ಟರಲ್ಲಿ ಯೆಟ್ಟೆ ಎದ್ದು, ತನ್ನ ಬಟ್ಟೆಯ ಆನೆಯನ್ನು ಎಳೆದುಕೊಂಡು ಹೋಗಿ, ಮೂಲೆಯ ಕುರ್ಚಿಯ ಮೇಲೆ ಕೂರಿಸಿದಳು. "ನೀನು ಸುಮ್ನೆ ಕೂತ್ಕೋ" ಎಂದು ಅದಕ್ಕೆ ಹೇಳಿ ಆಟಕ್ಕೆ ಹೋದಳು. ಆನೆ ಸುಮ್ಮನೆ ಕೂತಿತು. ಬಹಳ ಚೆನ್ನಾಗಿ ಕೂತಿತು.

ಟ್ರಾಮುಗಳ ಒಡೆಯ ಮೆಟ್ಟಿಲ ಮೇಲೆ ಕುಸಿದು ಗೊಳೋ ಎಂದು ಅತ್ತ. ಗಣಪನ್ನ ಮಾಡಲು ಹೋಗಿ ಅವರಪ್ಪನ್ನ ಮಾಡಿದರು ಅನ್ನುತ್ತಾರಲ್ಲ, ಇಲ್ಲಿ ಗಣಪ ಒಳಗೆ ಚೆನ್ನಾಗಿಯೇ ಇದ್ದ, ಕೆಟ್ಟಿದ್ದು ಅಪ್ಪ.

ಸದ್ದಿಲ್ಲದ ಬಾಗಿಲಿನಿಂದ ಆಲ್ಮುಟ್ ಬಂದು ಪಕ್ಕದಲ್ಲಿ ಕೂತರು. ಬೆನ್ನು ತಟ್ಟಿದರು. ಸಿಪ್ಪೆ ತೆಗೆದ ಸೇಬಿನ ಹೋಳು ಕೊಟ್ಟರು. ಹೆನ್ನಿಂಗ್ ಬಿಕ್ಕುತ್ತಲೇ ತಿಂದ. ಬಿಕ್ಕು ನಿಂತಿತು. ಆಲ್ಮುಟ್ ಮೊಬೈಲು ತೆಗೆದರು.

"ವೀಬ್ಕೆ? ಯೆಟ್ಟೆ ಬುಧವಾರಾನೇ ಒಗ್ಗಿದ್ಲು. ಇವರದ್ದು ಈಗ ಮುಗೀತು ನೋಡಿ. ಟಾಟಾ ಆದ್ಮೇಲೆ ಜೋರಾಗಿ ಅತ್ರು. ಎತ್ಕೊಳ್ಳೋಕೆ ಆಗ್ಲಿಲ್ಲ, ಭಾರ ಇದ್ದಾರೆ. ಆದ್ರೂ ನನ್ನ ಹತ್ರ ಸಮಾಧಾನ ಆದ್ರು. ಸೋಮವಾರ ಧೈರ್ಯವಾಗಿ ಆಫೀಸಿಗೆ ಬಿಟ್ಟು ಬನ್ನಿ. ಮೊದಲ್ನೇ ದಿನ ಅಲ್ವಾ, ಆ ಆನೇನ ಜೊತೇಲಿ ಕಳ್ಸಿ."