ಮೂರು ವಹಿ, ಎರಡು ಕೊಂಬು

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಪೂರ್ಣ ಆತ್ಮವಿಶ್ವಾಸದಿಂದ ಎತ್ತಿನ ಹಗ್ಗ ಬಿಚ್ಚಿದೆ. ಏಳು ಇಪ್ಪತ್ತೊಂದಕ್ಕೆ ಜೋಳದ ಕಣಿಕೆಯ ಬಣವೆಯ ತುದಿಯಲ್ಲಿದ್ದೆ. ಹೇಗೆ ಏರಿದೆನೆಂದು ಇಂದಿಗೂ ತಿಳಿದಿಲ್ಲ.

ಎಪ್ಪತ್ತರ ದಶಕದ ಮಾತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಬಂದ ಹೊಸ ಅಳಿಯ ನಾನು. ಗೊಬ್ಬೂರಿನ ನನ್ನ ಮಾವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು; ಆದರೂ ಎತ್ತಿಗೆ ನೀರು ಕುಡಿಸುವ ಕೆಲಸ ಬೇರೆಯವರಿಗೆ ಬಿಡುತ್ತಿರಲಿಲ್ಲ. ಅವರಿಗೆ ಕೊಂಬಿನಿಂದ ತಿವಿಯದ, ಹಾಯದ ಎತ್ತೇ ಬೇಕಿತ್ತು. ಆರಿಸುವ ಭಾರ ನಾನು ಹೊತ್ತೆ.

ಆಳಂದ, ಅಫಜಲಪುರ, ಜೇವರ್ಗಿ ಸಂತೆಗಳ ದಲಾಲರು ತಮ್ಮ ಲೆಕ್ಕದ ವಹಿಯಲ್ಲಿ ದನಗಳ ಗುಣವನ್ನೂ ಬರೆದಿಡುತ್ತಿದ್ದರು. ಮೂರೂ ವಹಿಗಳನ್ನು ಒಂದೇ ನೋಟ್‌ಬುಕ್ಕಿಗೆ ಇಳಿಸಿದೆ. ಎಡಗಿವಿ ಸೀಳಿದ ಎತ್ತೊಂದು ಮೂರರಲ್ಲೂ ಇತ್ತು. ಆಳಂದದ ವಹಿ ‘ಹಾಯುತ್ತದೆ’ ಎಂದಿತು. ಉಳಿದೆರಡು ‘ಕೂಸಿನಂಥದ್ದು’ ಎಂದವು. ಒಂದೇ ಎತ್ತು ಹಾಯುವುದೂ ಹಾಯದಿರುವುದೂ ಅಸಾಧ್ಯ; ಎರಡು ಒಂದಕ್ಕಿಂತ ಹೆಚ್ಚು; ಆದಕಾರಣ ಆಳಂದ ಸುಳ್ಳು! ಮೂರೂ ವಹಿ ಒಪ್ಪಿದ್ದು ಒಂದೇ ಸಂಗತಿ: ಅದಕ್ಕೆ ಎರಡು ಕೊಂಬಿವೆ. ನಾನು ಅಷ್ಟನ್ನೇ ನಂಬಬೇಕಿತ್ತು.

ಕೊಂಡ ಎತ್ತನ್ನು ಮಾವನೂ ಆಳೂ ನಡೆಸಿಕೊಂಡು ಬಂದರು. ನಾನು ನೋಟ್‌ಬುಕ್ಕಿನೊಡನೆ ಬಸ್ಸಿನಲ್ಲಿ ಬಂದೆ. ಮರುದಿನವೇ ಬಣವೆ.

ಹೆಂಡತಿ ಶಾಂತಾ ಹೊರಗೆ ಬಂದಳು. “ಅಲ್ಲೇನು ಮಾಡಾಕತ್ತೀರಿ?”

“ವಿಚಾರ.”

“ಇಳದು ಮಾಡ್ರಿ. ಚಹಾ ಆರಾಕತ್ತದ.”

ಅಷ್ಟರಲ್ಲಿ ಮಾವ ಗೋಡೆ ತಡವುತ್ತ ನೇರ ಎತ್ತಿನ ಕಡೆಗೇ ನಡೆದರು. ಕೂಗಿ ಎಚ್ಚರಿಸುವುದು ಬಿಟ್ಟು ನಾನು ಕಣಿಕೆಯನ್ನೇ ಬಿಗಿಯಾಗಿ ತಬ್ಬಿದೆ. ಅವರ ಕೈ ಕೊಂಬಿಗೆ ತಾಗಿತು. ಅಲ್ಲಿಂದ ಹಣೆಗೆ ಜಾರಿತು. ಎತ್ತು ಅಂಗೈ ನೆಕ್ಕಿತು.

“ಅಳಿಯಂದ್ರು ಎಲ್ಲಿ ಅದಾರವಾ?”

“ಬಣವಿ ಮ್ಯಾಲ, ಎಪ್ಪಾ.”

“ಪ್ಯಾಂಟು ಹಾಕ್ಯಾರೇನು?”

“ಹಾಕ್ಯಾರ.”

“ಹಂಗಾದ್ರ ಅಲ್ಲೇ ಕುಂದರ್ಲಿ. ಸಣ್ಣದಿದ್ದಾಗ ಸೂಜಿ ಚುಚ್ಚಿದ ಡಾಕ್ಟರ್ ಪ್ಯಾಂಟಿನಾಂವ ಇದ್ದನಂತ. ಅವತ್ತಿಂದ ಪ್ಯಾಂಟ್ ಕಂಡ್ರ ಬಿಡಂಗಿಲ್ಲ. ಆಳಂದದ ದಲಾಲನೂ ಪ್ಯಾಂಟಿನಾಂವನ.”

“ಮೊದಲ ಹೇಳಬಾರದೇನ್ರಿ, ಮಾವ?” ಎಂದೆ ಮೇಲಿನಿಂದ.

“ಮಾರಿದಾಂವ ನನಗ ಹೇಳಿದ. ನಾ ನಿಮಗ ಹೇಳಾಕ ಬಂದ್ರ, ‘ತಡೀರಿ, ತರ್ಕ ಕೆಡತದ’ ಅಂದ್ರಿ.”

ಮೂರು ವಹಿಗಳೂ ನಿಜವನ್ನೇ ಹೇಳಿದ್ದವು. ಯಾರಿಗೆ ಹಾಯುತ್ತದೆ ಎಂದು ಕೇಳಲು ಪದವೀಧರನಿಗೆ ತೋಚಿರಲಿಲ್ಲ.

ಆಮೇಲೆ ಕಣ್ಣು ಮುಚ್ಚಿದರೆ ಸಾಕು, ಕೊಂಬಿನತ್ತ ಚಾಚಿದ ಮಾವನ ಕೈ ಕಾಣುತ್ತಿತ್ತು. ವಾರಗಟ್ಟಲೆ ನಿದ್ದೆ ಹತ್ತಲಿಲ್ಲ. ಕಾರಹುಣ್ಣಿಮೆಯ ದಿನ ಮಾವ ನನ್ನ ಕೈ ಹಿಡಿದು ಆ ಕೊಂಬುಗಳಿಗೆ ಕೆಂಪು ಬಣ್ಣ ಹಚ್ಚಿಸಿದರು. ಈಗ ಮಾವನೂ ಇಲ್ಲ, ಎತ್ತೂ ಇಲ್ಲ. ಆ ಕೈಯ ಬಿಸಿ ಮಾತ್ರ ನೆನಪಿದೆ. ಆ ಕಾರಹುಣ್ಣಿಮೆಯ ರಾತ್ರಿ ಬೆಳಗಿನವರೆಗೂ ಗಡದ್ದಾಗಿ ಮಲಗಿದೆ.

ಮಾವನ ಧೋತರ ಉಟ್ಟುಕೊಂಡೇ.